ಹತ್ತು ನಿಮಿಷ ಕೂತರೆ ಸಾಕಿತ್ತು

ಜನವರಿ 9, ಶುಕ್ರವಾರ

ಡಾಕ್ಟರಮ್ಮನ ಮುಂದೆ ಇವತ್ತು ಶುದ್ಧ ಪೆದ್ದಿಯಾದೆ.

ಹೋದದ್ದು ಮಗಳ ವರ್ಷದ ತಪಾಸಣೆಗೆ. ಎದೆ ನೋಡಿದರು, ಕಿವಿ ನೋಡಿದರು, ರಕ್ತ ತೆಗೆದರು. ರಕ್ತ ತೆಗೆಯುವಾಗ ಎಂದಿನಂತೆ ಯುದ್ಧ. ನಾನು ಕಾಲು, ಇವರು ಭುಜ, ನರ್ಸು ಕೈ ಹಿಡಿದದ್ದಾಯಿತು, ಕೊನೆಗೆ ನರ್ಸಿನ ಕನ್ನಡಕ ಮೇಜಿನಡಿ ಹೋಯಿತು. ಡೌನ್ ಸಿಂಡ್ರೋಮ್ ಮಕ್ಕಳಿಗೆ ಸ್ನಾಯು ಸಡಿಲ ಎಂದು ಇವಳು ಹುಟ್ಟಿದ ದಿನವೇ ಹೇಳಿದ್ದರು. ಒದೆ ತಿಂದವರನ್ನು ಕೇಳಬೇಕು. ಆರು ವರ್ಷಕ್ಕೇ ಹೀಗೆ. ನಮ್ಮಪ್ಪ ಇವಳಿಗೆ ಗಿರಗಿಟ್ಲೆ ಎಂದು ಸುಮ್ಮನೆ ಹೆಸರಿಟ್ಟಿರಲಿಲ್ಲ.

ಎಲ್ಲ ಮುಗಿದ ಮೇಲೆ ಧೈರ್ಯ ಮಾಡಿ ಕೇಳಿದೆ. "ಡಾಕ್ಟ್ರೇ, ಇಂಥ ಮಕ್ಕಳಿಗೆ ಅಂತಲೇ ಒಂದು ಪುಡಿ ಬರುತ್ತಂತಲ್ಲ, ವಿಟಮಿನ್ನು ಅದೂ ಇದೂ ಸೇರಿಸಿರೋದು. ಕೊಡಬಹುದಾ?"

"ರಕ್ತದಲ್ಲಿ ಏನಾದ್ರೂ ಕಮ್ಮಿ ಇದ್ರೆ ಅದನ್ನ ಕೊಡೋಣ. ಆದ್ರೆ ಪುಡಿ ಕೊಟ್ರೆ ಬುದ್ಧಿ ಚುರುಕಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲಮ್ಮ. ಕೊಡಲೇಬೇಕು ಅನ್ಸಿದ್ರೆ ಮೊದಲು ಡಬ್ಬಿ ತಂದು ನನಗೆ ತೋರಿಸಿ. ಥೈರಾಯ್ಡ್ ಪರೀಕ್ಷೆ ಮಾತ್ರ ತಪ್ಪಿಸಬೇಡಿ, ಈ ಮಕ್ಕಳಲ್ಲಿ ಅದು ಯಾವಾಗ ಬೇಕಾದ್ರೂ ಕೈ ಕೊಡುತ್ತೆ."

ಇಷ್ಟನ್ನೂ ಬರೆಯುತ್ತಾ ಬರೆಯುತ್ತಾ ಹೇಳಿದರು. ತಲೆ ಎತ್ತಲಿಲ್ಲ. ಆಧಾರ ಇಲ್ಲವಂತೆ! ಆರು ವರ್ಷದಿಂದ ಈಕೆಯ ಹತ್ತಿರ ಹೋಗುತ್ತಿದ್ದೇನೆ, "ಇಲ್ಲಮ್ಮ" ಬಿಟ್ಟು ಬೇರೆ ಮಾತು ಕೇಳಿದ್ದು ನೆನಪಿಲ್ಲ.

ಜನವರಿ 11, ಭಾನುವಾರ

ಪುಡಿಯಮ್ಮ ಬಂದಿದ್ದಳು. ಈ ಹೆಸರು ನಾನಿಟ್ಟದ್ದು, ಎದುರಿಗೆ ಅಕ್ಕಾ ಎನ್ನುತ್ತೇನೆ. ಅವಳ ಮಗನೂ ನನ್ನ ಮಗಳ ಥರದವನೇ, ಹದಿನಾಲ್ಕು ವರ್ಷ. ನಮ್ಮಂಥ ತಾಯಂದಿರದ್ದೊಂದು ಫೋನ್ ಗುಂಪಿದೆ, ನಡೆಸುವವಳು ಅವಳೇ, ಪುಡಿ ತರಿಸಿಕೊಡುವವಳೂ ಅವಳೇ.

"ನನ್ನ ಮಗ ಈಗ ತಾನೇ ಶೂ ಲೇಸು ಕಟ್ಕೊಳ್ತಾನೆ. ಡಾಕ್ಟ್ರುಗಳು ಆಧಾರ ಆಧಾರ ಅಂತಾರೆ. ಅವನ ಕಾಲಲ್ಲಿರೋ ಶೂ ಆಧಾರ ಅಲ್ವಾ?" ಎಂದಳು.

ಅವಳು ಹೋದ ಮೇಲೆ ಇವರು, "ಹದಿನಾಲ್ಕು ವರ್ಷಕ್ಕೆ ಪುಡಿ ತಿನ್ನದಿದ್ರೂ ಕಟ್ತಿದ್ನೇನೋ" ಎಂದರು.

ಇವರದ್ದು ಯಾವಾಗಲೂ ಹೀಗೆ, ಬ್ರೇಕಿನ ಮೇಲೇ ಕಾಲು. ಬಸ್ಸು ಓಡಿಸುವವರಿಗೆ ಅದು ಒಳ್ಳೆಯ ಗುಣ, ಸಂಸಾರಕ್ಕಲ್ಲ. "ಹಾಗಾದ್ರೆ ನೀವೇ ಹೇಳಿ, ಏನು ಮಾಡೋಣ?" ಎಂದೆ. "ಡಾಕ್ಟ್ರಿಗೆ ತೋರಿಸಿ ಕೊಡು" ಎಂದರು. ತೋರಿಸಿದರೆ ಏನು ಹೇಳುತ್ತಾರೆ ಎಂದು ಗೊತ್ತಿದ್ದೂ ತೋರಿಸುವುದು ಯಾವ ಭಾಗ್ಯಕ್ಕೆ?

ಡಬ್ಬಿ ಕಪಾಟಿನ ಮೇಲಿಟ್ಟಿದ್ದೇನೆ. ಮುಚ್ಚಳ ತೆಗೆದಿಲ್ಲ.

ಜನವರಿ 14, ಬುಧವಾರ

ಅರ್ಧ ದಿನ ರಜೆ ಹಾಕಿ ನಮ್ಮ ಬೀದಿಯ ಶಾಲೆಗೆ ಹೋದೆ, ಎಲ್ಲ ಮಕ್ಕಳೂ ಹೋಗುವ ಶಾಲೆ. ಹೆಡ್ಮಿಸ್ಸು ಒಳ್ಳೆಯ ಮಾತಿನವರು, ಕುರ್ಚಿ ಕೊಟ್ಟರು, ನೀರು ಕೊಟ್ಟರು. "ತಗೊಳ್ಳಲ್ಲ ಅಂತ ನಾವು ಹೇಳೋ ಹಾಗಿಲ್ಲ. ಆದ್ರೆ ಒಂದು ಕಡೆ ಹತ್ತು ನಿಮಿಷ ಕೂರಬೇಕಲ್ಲಮ್ಮ. ಮೇ ತಿಂಗಳಲ್ಲಿ ಕರ್ಕೊಂಡು ಬನ್ನಿ, ನೋಡೋಣ" ಎಂದರು. ಅವರು ಹಾಗೆನ್ನುವಷ್ಟರಲ್ಲಿ ನನ್ನ ಮಗಳು ಮೇಜಿನ ಮೇಲಿನ ಗಂಟೆ ಬಾರಿಸಿ, "ನಂದು!" ಎಂದು ಕೂಗಿ, ವರಾಂಡದ ಆ ತುದಿ ಮುಟ್ಟಿದ್ದಳು. ಮೂರನೇ ತರಗತಿಯವರು ಬಿಟ್ಟರೆಂದು ಹೊರಗೆ ಬಂದುಬಿಟ್ಟರು.

ಹತ್ತು ನಿಮಿಷ. ಈ ಮನೆಯಲ್ಲಿ ಅವಳು ಹತ್ತು ನಿಮಿಷ ಒಂದೆಡೆ ಕೂತದ್ದು ನಿದ್ದೆಯಲ್ಲಿ ಮಾತ್ರ.

ಕೊಡುತ್ತೇನೆ. ಡಾಕ್ಟರಮ್ಮನಿಗೆ ಹೇಳುವುದಿಲ್ಲ. ಇವರಿಗೂ ಹೇಳಿಬಿಟ್ಟೆ, ನೀವೂ ಬಾಯಿ ಬಿಡಬೇಡಿ ಎಂದು.

ಜನವರಿ 17, ಶನಿವಾರ

ರಕ್ತದ ವರದಿ ಬಂತು, ಥೈರಾಯ್ಡ್ ಸಹ ಸರಿಯಿದೆ. ಇವತ್ತು ಮೊದಲ ಚಮಚ. ಬಾಳೆಹಣ್ಣು ಕಿವುಚಿ ಅದರೊಳಗೆ ಬೆರೆಸಿದೆ. ಬಾಯಿಗಿಟ್ಟ ತಕ್ಷಣ ನನ್ನ ಮುಖ ನೋಡಿದಳು, ಮೋಸ ಗೊತ್ತಾದವರ ಹಾಗೆ. ಆಮೇಲೆ ಪೂರ್ತಿ ನನ್ನ ಸೀರೆಯ ಮೇಲೆ ಉಗಿದಳು. ಎರಡನೇ ಸಲ ಬೆಲ್ಲ ಹಾಕಿದೆ. ಹೋಯಿತು.

ಇನ್ನು ಮೇಲೆ ಅಂಕ ಬರೆದಿಡುತ್ತೇನೆ. ಫ್ಯಾಕ್ಟರಿಯಲ್ಲಿ ದಿನಕ್ಕೆ ಇನ್ನೂರು ಫ್ಯಾನಿಗೆ ಅಂಕ ಹಾಕುವವಳಿಗೆ ಇದೇನು ಕಷ್ಟ? ಕೂರುವುದು, ಊಟ, ಮಾತು, ಹಟ. ತಲಾ ಐದು. ಇವತ್ತು ಕೂರುವುದಕ್ಕೆ ಸೊನ್ನೆ, ಹಟಕ್ಕೆ ಐದಕ್ಕೆ ಆರು.

ಫೆಬ್ರವರಿ 20, ಶುಕ್ರವಾರ

ಕೂರುವುದು 1. ಊಟ 3. ಮಾತು 3. ಹಟ 5. ಬಚ್ಚಲ ಬಾಗಿಲ ಚಿಲಕ ಹಾಕಿಕೊಂಡು ಮುಕ್ಕಾಲು ಗಂಟೆ ಒಳಗೇ ನಕ್ಕಳು. ಪಕ್ಕದ ಮನೆಯವರು ಏಣಿ ತಂದರು.

ಈ ಪುಡಿಗೆ ಏನಾದರೂ ಮಾನ ಇದೆಯಾ?

ಮಾರ್ಚ್ 22, ಭಾನುವಾರ

ಹನ್ನೊಂದು ನಿಮಿಷ! ಗಡಿಯಾರ ನೋಡಿಕೊಂಡೇ ಬರೆಯುತ್ತಿದ್ದೇನೆ. ಗೋಡೆಗೊರಗಿ ಬಟನ್ನು ತುಂಬಿದ ಡಬ್ಬ ಹಿಡಿದು ಸುಮ್ಮನೆ ಕೂತಳು. ಬಟನ್ನು ಚೆಲ್ಲಲಿಲ್ಲ, ಬಾಯಿಗೆ ಹಾಕಿಕೊಳ್ಳಲಿಲ್ಲ, ಹಿಡಿದು ಕೂತಳು ಅಷ್ಟೇ. ನನಗೆ ಕುಣಿಯಬೇಕೆನಿಸಿತು. ಇವರನ್ನು ಕರೆದು ತೋರಿಸಿದೆ, "ಈಗ ಏನಂತೀರಿ?" ಎಂದು. "ಸುಸ್ತಾಗಿದ್ದಾಳೇನೋ" ಎಂದರು. ಈ ಮನುಷ್ಯನ ಬಾಯಲ್ಲಿ ಒಂದು ಒಳ್ಳೆಯ ಮಾತು ಬಂದರೆ ಆಕಾಶ ಕಳಚಿ ಬೀಳುತ್ತದೆ.

ಪುಡಿಯಮ್ಮನಿಗೆ ಫೋನು ಮಾಡಿದೆ. ಸಂಜೆಗೇ ಬಂದು ನನ್ನನ್ನೂ ಮಗಳನ್ನೂ ಕೂರಿಸಿ ವಿಡಿಯೋ ತೆಗೆದಳು. ನಾನು ಹೇಳಿದ್ದು: "ಎರಡು ತಿಂಗಳಿಗೆ ನನ್ನ ಮಗಳು ಬೇರೆಯೇ ಹುಡುಗಿ ಆಗಿದ್ದಾಳೆ. ಭಯ ಬೇಡ, ಕೊಡಿ." ಒಂದೇ ಸಲಕ್ಕೆ ಸರಿಯಾಗಿ ಬಂತು, ತಡವರಿಸಲಿಲ್ಲ. ಮಗಳೂ ಅಲುಗಾಡಲಿಲ್ಲ.

ಏಪ್ರಿಲ್ 8, ಬುಧವಾರ

ಕೆಲಸದಲ್ಲಿ ಮರ್ಯಾದೆ ಹೋಯಿತು. ಹನ್ನೆರಡು ವರ್ಷದಿಂದ ಸದ್ದಿನ ಕೋಣೆಯಲ್ಲಿದ್ದೇನೆ. ಫ್ಯಾನನ್ನು ಮುಚ್ಚಿದ ಕೋಣೆಯಲ್ಲಿ ತಿರುಗಿಸುತ್ತಾರೆ, ಕಟಕಟ, ಗುಂಯ್, ಕಿರ್ ಏನಿದ್ದರೂ ನಾನು ಹಿಡಿಯಬೇಕು. ನನ್ನ ಅಡ್ಡಹೆಸರೇ ಕಿವಿಯಕ್ಕ. ನಾನು ಪಾಸು ಮಾಡಿದ ನಲವತ್ತು ಫ್ಯಾನು ಇವತ್ತು ವಾಪಸ್ಸು ಬಂದವು. ಕೆಪಾಸಿಟರ್ ಬಡವಾಗಿದ್ದವಂತೆ. ಅರ್ಧ ವೇಗದಲ್ಲಿ ತಿರುಗುತ್ತಿದ್ದವು, ಅದಕ್ಕೇ ಸದ್ದಿರಲಿಲ್ಲ.

"ಸದ್ದಿಲ್ಲ ಅಂತ ಟಿಕ್ ಹಾಕ್ಬಿಟ್ಯಲ್ಲ, ಗಾಳಿ ಬರ್ತಿದೆಯಾ ನೋಡಿದ್ಯಾ?" ಎಂದು ಸೂಪರ್‌ವೈಸರ್ ಎಲ್ಲರೆದುರಿಗೂ ಕೂಗಾಡಿದ. ಕೋಣೆಯ ಕೆಲಸ ಕೇಳುವುದು, ಗಾಳಿ ನೋಡುವುದು ನನ್ನ ಕೆಲಸವಲ್ಲ ಎಂದೆ. ಮೈಯೆಲ್ಲ ಉರಿಯಿತು.

ಮನೆಗೆ ಬಂದರೆ ಮಗಳೊಬ್ಬಳೇ ನೆಮ್ಮದಿ. ಕೂರಿಸಿದಲ್ಲೇ ಕೂತಿದ್ದಳು. ಕೂರುವುದು 4. ಹಟ 1.

ಏಪ್ರಿಲ್ 26, ಭಾನುವಾರ

ಮೈಕೈ ತುಂಬಿಕೊಂಡಿದ್ದಾಳೆ. ಹೋದ ವರ್ಷದ ಅಂಗಿ ಹೆಗಲಲ್ಲಿ ಹತ್ತುವುದೇ ಇಲ್ಲ. ಪುಡಿ ಮೈಗೆ ಹತ್ತಿದೆ ಎಂದು ಪುಡಿಯಮ್ಮ. ಊಟ ಮಾತ್ರ ಮೊದಲಿನಷ್ಟಿಲ್ಲ, ಹೊಟ್ಟೆ ಕಟ್ಟಿ ನಾಲ್ಕು ದಿನ. ಸೆಕೆಯಲ್ಲೂ ಹೊದಿಕೆ ಬೇಕೆನ್ನುತ್ತಾಳೆ. ಕೂದಲಿಗೆ ಎಣ್ಣೆ ಸಾಲದು, ಒರಟಾಗಿದೆ.

ಇಂಥ ಮಕ್ಕಳಿಗೆಂದೇ ಇರುವ, ಮಗಳು ದಿನಾ ಹೋಗುವ ತರಬೇತಿ ಕೇಂದ್ರದ ಟೀಚರು ನಿನ್ನೆ ಗೇಟಿನ ಹತ್ತಿರ ತಡೆದು, "ಹುಷಾರಿಲ್ವಾ ಇವಳಿಗೆ? ನನ್ನ ಜಡೆ ಎಳೆದು ತಿಂಗಳಾಯ್ತು" ಎಂದಳು. ಇದೇ ಟೀಚರು ಜನವರಿಯಲ್ಲಿ ಜಡೆ ಎಳೆಯುತ್ತಾಳೆಂದು ದೂರು ಹೇಳಿದ್ದಳು. ಎಳೆದರೂ ತಪ್ಪು, ಎಳೆಯದಿದ್ದರೂ ತಪ್ಪು. ಈ ಜನಕ್ಕೆ ನನ್ನ ಮಗು ಹೇಗಿದ್ದರೂ ಸಹಿಸದು.

ಮೇ 12, ಮಂಗಳವಾರ

ಶಾಲೆಯಲ್ಲಿ ಸೀಟು ಸಿಕ್ಕಿತು! ಹೆಡ್ಮಿಸ್ಸಿನ ಎದುರಿಗೆ ಇಪ್ಪತ್ತು ನಿಮಿಷ ಕೂತಳು. ಗಂಟೆ ಅಲ್ಲೇ ಮೇಜಿನ ಮೇಲಿತ್ತು, ಕೈ ಚಾಚಲಿಲ್ಲ. "ಎಷ್ಟು ಬದಲಾಗಿದ್ದಾಳೆ! ಏನು ಮಾಡಿದ್ರಿ?" ಎಂದರು. ನಾನು ನಕ್ಕೆ, ಅಷ್ಟೇ.

ದಾರಿಯಲ್ಲಿ ಎತ್ತಿಕೊಂಡೇ ಬಂದೆ, ನಡೆಯಲಾರೆ ಎಂದಳು. ಭಾರ. ಆದರೂ ಭಾರ ಅನ್ನಿಸಲಿಲ್ಲ. ಜೂನ್ ಒಂದಕ್ಕೆ ಶಾಲೆ ಶುರು. ಡಾಕ್ಟರಮ್ಮನನ್ನು ಕರೆದು ಆ ಕುರ್ಚಿಯ ಪಕ್ಕ ನಿಲ್ಲಿಸಿ, ತಗೊಳ್ಳಿ ನಿಮ್ಮ ಆಧಾರ ಎನ್ನಬೇಕೆನಿಸಿತು.

ಜೂನ್ 11, ಗುರುವಾರ

ಶಾಲೆಯಲ್ಲಿ ನಿದ್ದೆ ಮಾಡುತ್ತಾಳಂತೆ. ಮೂರು ಸಲ ಹೇಳಿ ಕಳಿಸಿದರು, ಡಾಕ್ಟರಿಗೆ ತೋರಿಸಿ ಎಂದು. ಹೋದೆವು.

ಡಾಕ್ಟರಮ್ಮ ಅವಳ ಮುಖ ಹಿಡಿದು ತುಂಬ ಹೊತ್ತು ನೋಡಿದರು. ಕೈ ಮುಟ್ಟಿದರು, ನಾಲಿಗೆ ನೋಡಿದರು, ನಾಡಿ ಎಣಿಸಿದರು. "ನೋಡಿದ್ರೆ ಥೈರಾಯ್ಡ್ ಕಮ್ಮಿ ಆದ ಹಾಗಿದೆ. ಯಾವಾಗಿಂದ ಹೀಗೆ?" ಎಂದರು. ಈಗ ಶಾಲೆ ಶುರುವಾದ ಮೇಲೆ ಎಂದೆ.

"ಬೇರೆ ಏನಾದ್ರೂ ಕೊಡ್ತಿದ್ದೀರಾ? ಮಾತ್ರೆ, ಟಾನಿಕ್ಕು, ಅವತ್ತು ಕೇಳಿದ್ರಲ್ಲ, ಆ ಪುಡಿ?"

"ಇಲ್ಲ" ಎಂದೆ.

ಯೋಚಿಸಿ ಹೇಳಿದ್ದಲ್ಲ, ಹೊರಗೆ ಬಂದುಬಿಟ್ಟಿತು. ಹೌದೆಂದರೆ ಆ ಪುಡಿಯಿಂದಲೇ ಹೀಗಾಯಿತು ಎನ್ನುತ್ತಾರೆ, ಅದರಿಂದಲೇ ಶಾಲೆ ಸಿಕ್ಕಿತು ಎಂದರೆ ಯಾರು ಕೇಳುತ್ತಾರೆ? ಇವರು ಪಕ್ಕದ ಕುರ್ಚಿಯಲ್ಲಿದ್ದರು, ಗೋಡೆಯ ಮೇಲಿನ ಚಾರ್ಟು ಓದುತ್ತಿದ್ದರು.

ರಕ್ತ ತೆಗೆದರು. ಈ ಸಲ ಯಾರೂ ಹಿಡಿಯಬೇಕಾಗಲಿಲ್ಲ. ತಾನೇ ಕೈ ನೀಡಿದಳು. ಎಷ್ಟು ಜಾಣೆಯಾಗಿದ್ದಾಳೆ ಎಂದೆ.

ಜೂನ್ 15, ಸೋಮವಾರ

ಥೈರಾಯ್ಡ್ ಸರಿಯಾಗಿದೆ. ಕಾಗದದಲ್ಲೇ ಬಂದಿದೆ. ಡಾಕ್ಟರಮ್ಮ ಕಾಗದ ನೋಡಿ ಮಗಳನ್ನು ನೋಡಿ ಮತ್ತೆ ಕಾಗದ ನೋಡಿದರು. "ನನಗೆ ಸಮಾಧಾನ ಆಗ್ತಿಲ್ಲ. ಒಂದು ತಿಂಗಳು ಬಿಟ್ಟು ಬನ್ನಿ" ಎಂದರು. ಸರಿಯಾಗಿದ್ದರೂ ಸಮಾಧಾನವಿಲ್ಲವಂತೆ!

ಬಸ್ಸಿನಲ್ಲಿ ಇವರನ್ನು ಚುಚ್ಚಿದೆ, "ನೋಡಿದ್ರಾ?" ಎಂದು. ಇವರು ಕಿಟಕಿಯ ಹೊರಗೇ ನೋಡುತ್ತಿದ್ದರು.

ಜುಲೈ 5, ಭಾನುವಾರ

ಬರೆಯಲು ಮನಸ್ಸಿಲ್ಲ. ಅಂಕ ಹಾಕಿ ಹದಿನೈದು ದಿನವಾಯಿತು. ಮಾತು ಎನ್ನುವ ಕಡೆ ಏನು ಬರೆಯುವುದು? ನಂದು ಎನ್ನುವುದೂ ನಿಂತಿದೆ.

ಜುಲೈ 9, ಗುರುವಾರ

ಇವತ್ತು ಇವರು ಮಗಳನ್ನು ತಮ್ಮ ಬಸ್ಸಿನಲ್ಲೇ ಕರೆದುಕೊಂಡು ಹೋಗಿದ್ದರು. ಬಂದವರೇ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು. "ಮೆಟ್ಟಿಲು ಹತ್ತೋಕಾಗ್ಲಿಲ್ಲ ಕಣೇ. ಎರಡೇ ಮೆಟ್ಟಿಲು. ಜನವರಿಯಲ್ಲಿ ಓಡಿ ಹತ್ತಿ ನನ್ನ ಸೀಟಲ್ಲಿ ಕೂತು ನಂದು ನಂದು ಅಂತ ಹಾರ್ನ್ ಒತ್ತೋಳು. ಇವತ್ತು ಕೆಳಗೆ ನಿಂತು ನನ್ನ ಮುಖ ನೋಡಿದ್ಲು, ಅಷ್ಟೇ. ಹಿಂದಿನೋರೆಲ್ಲ ಕಾಯ್ತಿದ್ರು. ನಾನೇ ಇಳಿದು ಎತ್ಕೊಂಡೆ."

"ಪರೀಕ್ಷೆ ಸರಿಯಾಗೇ ಬಂದಿದೆಯಲ್ಲ" ಎಂದೆ.

"ನೀನು ಡಾಕ್ಟ್ರಿಗೆ ನಿಜ ಹೇಳಲಿಲ್ಲ."

"ನೀವೂ ಅಲ್ಲೇ ಕೂತಿದ್ರಲ್ಲ! ಬಾಯಲ್ಲಿ ಏನಿತ್ತು, ಅವಲಕ್ಕಿನಾ?"

"ಬಾಯಿ ಬಿಡಬೇಡಿ ಅಂದವಳು ನೀನು."

"ನಾನು ಅಂದೆ ಅಂತ ಸುಮ್ಮನಿದ್ರಾ? ಇಷ್ಟು ವರ್ಷದಲ್ಲಿ ನಾನು ಹೇಳಿದ್ದು ಇದೊಂದೇ ನಿಮಗೆ ಕೇಳಿಸಿದ್ದಾ?"

ಬಾಯಿಗೆ ಬಂದದ್ದೆಲ್ಲ ಅಂದೆ. ಇವರೂ ಅಂದರು. ಮೊದಲಾದರೆ ನಾವು ಜಗಳವಾಡಿದರೆ ಮಗಳು ಮಧ್ಯೆ ಬಂದು ನಮ್ಮಿಬ್ಬರ ಬಾಯಿಗೂ ಕೈ ಅಡ್ಡ ಇಡುತ್ತಿದ್ದಳು. ಇವತ್ತು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಇಬ್ಬರೂ ಒಟ್ಟಿಗೇ ಅದನ್ನು ನೋಡಿದೆವು. ಜಗಳ ಅಲ್ಲಿಗೇ ನಿಂತಿತು.

ಜುಲೈ 10, ಶುಕ್ರವಾರ

ಡಬ್ಬಿಯನ್ನು ಡಾಕ್ಟರಮ್ಮನ ಮೇಜಿನ ಮೇಲಿಟ್ಟೆ. "ಜನವರಿಯಿಂದ ಕೊಡ್ತಿದ್ದೀನಿ. ಅವತ್ತು ಸುಳ್ಳು ಹೇಳಿದೆ" ಎಂದೆ. ಬೈಯಲಿ ಎಂದು ತಯಾರಾಗಿಯೇ ಹೋಗಿದ್ದೆ. ತಿರುಗಿ ಕೊಡಬೇಕಾದ ಮಾತುಗಳನ್ನೂ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಅವರು ಕನ್ನಡಕ ಹಾಕಿಕೊಂಡು ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದಿದರು. ಬೆರಳಿಟ್ಟು ತೋರಿಸಿದರು. "ಬಯೋಟಿನ್ ಅಂತ ಇದೆ ನೋಡಿ. ಅದೂ ಒಂದು ವಿಟಮಿನ್ನೇ. ಇದರಲ್ಲಿ ರಾಶಿ ಹಾಕಿದ್ದಾರೆ. ಕೆಲವು ಲ್ಯಾಬುಗಳ ಥೈರಾಯ್ಡ್ ಪರೀಕ್ಷೆಯನ್ನ ಇದು ದಾರಿ ತಪ್ಪಿಸುತ್ತೆ. ಒಳಗೆ ಕೆಟ್ಟಿದ್ರೂ ಕಾಗದದಲ್ಲಿ ಸರಿ ಅಂತ ಬರಬಹುದು. ಇವತ್ತಿಂದ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ರಕ್ತ ತೆಗೆಯೋಣ."

"ಪುಡಿಯಿಂದಲೇ ಕೆಟ್ಟಿತಾ?" ಎಂದೆ.

"ಹಾಗಲ್ಲ. ಅದು ಈ ಮಕ್ಕಳಲ್ಲಿ ತಾನಾಗೇ ಬರುತ್ತೆ. ನಾವು ನೋಡದ ಹಾಗೆ ಮಾಡಿದ್ದು ಪುಡಿ."

ನಾವು ಎಂದರು. ನೀವು ಎನ್ನಲಿಲ್ಲ. ಮಗಳ ತಲೆ ಸವರಿ ಮುಂದಿನ ರೋಗಿಯನ್ನು ಕರೆದರು. ಜೋಡಿಸಿಕೊಂಡು ಹೋಗಿದ್ದ ಒಂದು ಮಾತೂ ಬೇಕಾಗಲಿಲ್ಲ.

ಜುಲೈ 20, ಸೋಮವಾರ

ಥೈರಾಯ್ಡ್ ಪೂರ್ತಿ ಕುಸಿದಿದೆ. ದಿನಾ ಬೆಳಿಗ್ಗೆ ಒಂದು ಸಣ್ಣ ಮಾತ್ರೆ, ಖಾಲಿ ಹೊಟ್ಟೆಯಲ್ಲಿ, ಬಹುಶಃ ಜೀವನಪೂರ್ತಿ. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಇಷ್ಟೇ ಬೇಕಾಗಿದ್ದದ್ದು.

"ಐದು ವಾರ ತಡ ಆಯ್ತು" ಎಂದರು ಡಾಕ್ಟರಮ್ಮ. ಅವರಿಗೆ ಗೊತ್ತಿರುವುದು ಐದು ವಾರ. ಈ ಪುಸ್ತಕದ ಹಾಳೆ ಹಿಂದೆ ತಿರುಗಿಸಿದೆ. ಹನ್ನೊಂದು ನಿಮಿಷ, ಅದರ ಮುಂದೆ ಒಂದು ಆಶ್ಚರ್ಯಸೂಚಕ. ಕೂರುವುದು 4, ಹಟ 1. ನನ್ನದೇ ಅಕ್ಷರ. ಮಗು ಮಾರ್ಚಿನಿಂದ ಮುಳುಗುತ್ತಿತ್ತು, ನಾನು ಪಕ್ಕದಲ್ಲಿ ಕೂತು ಅಂಕ ಹಾಕುತ್ತಿದ್ದೆ.

ಆಗಸ್ಟ್ 19, ಬುಧವಾರ

ಬೆಳಿಗ್ಗೆ ತಟ್ಟೆ ಎಸೆದಳು. ಗೋಡೆಗೆ ಬಿದ್ದು ಚೂರಾಯಿತು. ಇವರು ಚೂರು ಆಯುತ್ತಾ ನಕ್ಕರು, ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು.

ಆಗಸ್ಟ್ 27, ಗುರುವಾರ

ಹೆಡ್ಮಿಸ್ಸು ಕರೆಸಿದ್ದರು. ಅದೇ ಕುರ್ಚಿ, ಅದೇ ನೀರು. ಮಗಳು ಈಗ ತರಗತಿಯಲ್ಲಿ ಕೂರುವುದಿಲ್ಲವಂತೆ. ಬೆಂಚು ಹತ್ತುತ್ತಾಳೆ, ಗೇಟಿನ ತನಕ ಓಡುತ್ತಾಳೆ, ಪಕ್ಕದ ಹುಡುಗನ ಪೆನ್ಸಿಲ್ಲು ಮುರಿದಿದ್ದಾಳೆ. "ಮೇನಲ್ಲಿ ಎಷ್ಟು ಚೆನ್ನಾಗಿದ್ಲು! ಆಗ ಏನು ಮಾಡ್ತಿದ್ರೋ ಅದನ್ನೇ ಮುಂದುವರಿಸಬಾರದಿತ್ತಾ?" ಎಂದರು.

"ಆಗ ಅವಳಿಗೆ ಕಾಯಿಲೆ ಇತ್ತು" ಎಂದೆ.

"ಆದ್ರೂ" ಎಂದರು.

ಆ ಆದ್ರೂ ಎನ್ನುವುದನ್ನು ಸಾಯುವವರೆಗೆ ಮರೆಯಲಾರೆ. ಸೋಮವಾರದಿಂದ ಮತ್ತೆ ತರಬೇತಿ ಕೇಂದ್ರಕ್ಕೆ. ಟೀಚರಿಗೆ ಜಡೆ ಮೇಲೆ ಕಟ್ಟಿಕೊಳ್ಳಿ ಎಂದು ಹೇಳಿ ಕಳಿಸಿದೆ.

ಓಡುತ್ತಾಳೆ, ಒದೆಯುತ್ತಾಳೆ. ನಂದು ಎನ್ನುವ ಮಾತು ಮಾತ್ರ ಇನ್ನೂ ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು, ಕಾಯಬೇಕು ಎಂದಿದ್ದಾರೆ ಡಾಕ್ಟರಮ್ಮ.

ಆಗಸ್ಟ್ 30, ಭಾನುವಾರ

ನನ್ನ ವಿಡಿಯೋ ಇನ್ನೂ ಗುಂಪಿನಲ್ಲಿ ಓಡಾಡುತ್ತಿದೆ. ಅದನ್ನು ನೋಡಿ ಪುಡಿ ತರಿಸಿದವರು ಹನ್ನೊಂದು ಜನ. ಪುಡಿಯಮ್ಮನೇ ಹೆಮ್ಮೆಯಿಂದ ಪಟ್ಟಿ ಹಾಕಿದ್ದಳು.

ಮೊದಲು ಅವಳಿಗೇ ಹೇಳಿದೆ. "ನಿನ್ನ ಮಗಳಿಗೆ ಬೇರೆ ಕಾಯಿಲೆ ಇತ್ತು, ಅದಕ್ಕೆ ಪುಡಿ ಏನು ಮಾಡುತ್ತೆ? ನಾನು ನನ್ನ ಮಗನಿಗೇ ಕೊಡ್ತಿದ್ದೀನಿ, ವಿಷ ಕೊಡ್ತೀನಾ?" ಎಂದು ಅತ್ತಳು. ಸುಳ್ಳು ಅಳುವಲ್ಲ. ಅವಳು ನಂಬಿದ್ದಾಳೆ, ಅದೇ ಕಷ್ಟ. ಅವನಿಗೂ ಪುಡಿ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಕ್ಕಾ ಎಂದೆ. ಫೋನು ಇಟ್ಟಳು. ಹನ್ನೊಂದು ನಂಬರು ಈ ಪುಸ್ತಕಕ್ಕೆ ಇಳಿಸಿಕೊಂಡ ಮೇಲೆ ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ಐದು ನಿಮಿಷದಲ್ಲಿ ನನ್ನನ್ನು ತೆಗೆದುಹಾಕಿದಳು.

ಸೆಪ್ಟೆಂಬರ್ 2, ಬುಧವಾರ

ಊಟದ ಬಿಡುವಿನಲ್ಲಿ ಸದ್ದಿನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರಿಗೇ ಫೋನು ಮಾಡಿದೆ, ಮೂರು ದಿನ. ಇಬ್ಬರು ಎತ್ತಲಿಲ್ಲ. ಒಬ್ಬಳು, "ಅವತ್ತು ಕೊಡಿ ಅಂದವಳೂ ನೀನೇ, ಇವತ್ತು ಬೇಡ ಅನ್ನೋಳೂ ನೀನೇ. ನಿನ್ನ ನಾಲಿಗೆಗೆ ಮೂಳೆ ಇಲ್ವಾ?" ಎಂದಳು. ಸರಿಯಾಗಿಯೇ ಹೇಳಿದಳು. ಕೆಲವರು ಕೇಳಿಸಿಕೊಂಡರು, ವಿಚಾರಿಸುತ್ತೇವೆ ಎಂದರು.

ಕೊನೆಯವಳು ತೀರಾ ಚಿಕ್ಕ ದನಿಯವಳು. ನಾಲ್ಕು ವರ್ಷದ ಮಗನಂತೆ.

ನಾನು ಹೇಳಿ ಮುಗಿಸಿದ ಮೇಲೆ ಅವಳೇ ಶುರು ಮಾಡಿದಳು. "ಅಕ್ಕಾ, ಹೋದ ವಾರ ರಕ್ತ ತೆಗೆಸಿದ್ವಿ. ಸರಿಯಾಗಿದೆ ಅಂತಲೇ ಬಂತು. ಪುಡಿ ಏನಾದ್ರೂ ಕೊಡ್ತೀರಾ ಅಂತ ಡಾಕ್ಟ್ರು ಕೇಳಿದ್ರು. ಇಲ್ಲ ಅಂದ್ಬಿಟ್ಟೆ."

"ಯಾಕಮ್ಮ?" ಎಂದೆ. ಕೇಳುವ ಯೋಗ್ಯತೆ ನನಗಿದೆಯೇ?

"ವಿಡಿಯೋದಲ್ಲಿ ನೀವು ಅಷ್ಟು ಧೈರ್ಯವಾಗಿ ಹೇಳಿದ್ರಲ್ಲ. ಡಾಕ್ಟ್ರಿಗಿಂತ ತಾಯಿಗೇ ಗೊತ್ತಿರುತ್ತೆ ಅನ್ಸ್ತು."

ನಾಳೆಯೇ ಹೋಗಿ ನಿಜ ಹೇಳು ಎಂದೆ. ಎಲ್ಲಿಯ ಡಾಕ್ಟರು, ಎಷ್ಟು ಹೊತ್ತಿಗೆ ಸಿಗುತ್ತಾರೆ ಎಂದೆಲ್ಲ ಕೇಳಿದೆ, ಬೇಕಾದರೆ ನಾನೂ ಜೊತೆಗೆ ಬರುತ್ತೇನೆ ಎಂದೆ.

"ನೀವು ಹೇಳಿದಾಗ ನಿಮ್ಮ ಡಾಕ್ಟ್ರು ಬೈದ್ರಾ ಅಕ್ಕಾ?"

"ಇಲ್ಲಮ್ಮ" ಎಂದೆ. "ಬೈದಿದ್ರೆ ಎಷ್ಟೋ ಚೆನ್ನಾಗಿತ್ತು."